ದಾರಿ, ಸೂರು, ನೆಲೆ: ಬೂಕನಕೆರೆ–ಮೇಲುಕೋಟೆ ಸೀಮೆಯ ಆಶ್ರಯ ಪರಂಪರೆ

ಚರಿತ್ರೆಯ ಪುಟಗಳಲ್ಲಿ ಆಶ್ರಯವೆಂಬುದು ಸಾಮಾನ್ಯವಾಗಿ ದೊರೆಯೊಬ್ಬನ ಔದಾರ್ಯವಾಗಿ ದಾಖಲಾಗುತ್ತದೆ. ಕನ್ನಡ ಶಾಸನಗಳಲ್ಲಿ ಅರಸರೂ ಸಾಮಂತರೂ ಹೊತ್ತ ಬಿರುದುಗಳ ಸಾಲಿನಲ್ಲಿ ‘ಶರಣಾಗತ ವಜ್ರಪಂಜರ’ ಎಂಬುದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಮರೆಹೊಕ್ಕವನಿಗೆ ತಾನು ವಜ್ರದ ಗೂಡು ಎಂಬುದು ಅದರ ಅಭಿಪ್ರಾಯ. ಆದರೆ ಮರೆಹೊಗಲು ಬಂದವನು ದೊರೆಯ ಬಾಗಿಲನ್ನು ಮುಟ್ಟುವ ಮೊದಲು ಕಾಡು, ಹೊಳೆ, ಗಡಿಗಳನ್ನು ದಾಟಿರಬೇಕು; ಯಾರದೋ ಜಗಲಿಯಲ್ಲಿ ರಾತ್ರಿ ಕಳೆದಿರಬೇಕು. ಆ ದಾರಿಯನ್ನು ತೋರಿದವರು, ಆ ಜಗಲಿಯನ್ನು ಬಿಟ್ಟುಕೊಟ್ಟವರು ಬಿರುದಾವಳಿಯೊಳಗೆ ಬರುವುದಿಲ್ಲ. ಅವರು ಉಳಿದಿರುವುದು ಐತಿಹ್ಯಗಳಲ್ಲಿ, ಆಚರಣೆಗಳಲ್ಲಿ ಮತ್ತು ಆಡುಮಾತಿನಲ್ಲಿ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಸೀಮೆ ಈ ದೃಷ್ಟಿಯಿಂದ ವಿಶೇಷ ಅಧ್ಯಯನಕ್ಕೆ ಯೋಗ್ಯವಾದುದು. ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬೂಕನಕೆರೆಯಿಂದ ಪೂರ್ವದ ಕಡೆಗೆ, ಪಾಂಡವಪುರ ತಾಲ್ಲೂಕಿನಲ್ಲಿ, ಮೇಲುಕೋಟೆಯೂ ತೊಣ್ಣೂರೂ ಇವೆ. ದಕ್ಷಿಣ ಭಾರತದ ಅತ್ಯಂತ ಪ್ರಸಿದ್ಧವಾದ ಒಂದು ದೇಶಾಂತರದ ಕಥೆ ಅಲ್ಲಿ ಬೇರುಬಿಟ್ಟಿದೆ. ಅದೇ ಸೀಮೆಯ ಮಕ್ಕಳು ಇಪ್ಪತ್ತನೆಯ ಶತಮಾನದಲ್ಲಿ ಮುಂಬಯಿಗೆ ವಲಸೆ ಹೋದರು. 2020ರಲ್ಲಿ ತಮ್ಮ ಊರಿಗೇ ಆಶ್ರಯ ಕೋರಿ ಮರಳಿದರು. ಸುಮಾರು ಒಂಬತ್ತು ಶತಮಾನಗಳ ಅಂತರದ ಈ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆಶ್ರಯವು ಒಂದೇ ಕ್ರಿಯೆಯಲ್ಲ, ದಾರಿ ಕೊಡುವುದು, ಸೂರು ಕೊಡುವುದು, ನೆಲೆ ಕೊಡುವುದು ಎಂಬ ಮೂರು ಬೇರೆ ಬೇರೆ ಕ್ರಿಯೆಗಳೆಂಬುದು ಸ್ಪಷ್ಟವಾಗುತ್ತದೆ.

1. ಮಾತಿನಲ್ಲಿ ಉಳಿದ ಆಶ್ರಯ

ಈ ಮೂರನ್ನೂ ಈ ಭಾಗದ ಜನಭಾಷೆ ಬೇರೆಬೇರೆಯಾಗಿಯೇ ಗುರುತಿಸಿದೆ. ದಾರಿಗೆ ಸಂಬಂಧಿಸಿದವು ಸಾಲುಮರ, ಗುಂಡುತೋಪು, ಅರವಟ್ಟಿಗೆ, ಹೊರೆಗಲ್ಲು. ತಲೆಹೊರೆ ಹೊತ್ತವನು ಯಾರ ನೆರವೂ ಇಲ್ಲದೆ ಹೊರೆಯನ್ನು ಇಳಿಸಿ ಮತ್ತೆ ಹೊರಲು ಅನುಕೂಲವಾಗುವಂತೆ ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲು ಹೊರೆಗಲ್ಲು. ಅದನ್ನು ಬಳಸುವವನ ಜಾತಿ, ಊರುಗಳನ್ನು ಕೇಳುವವರಿರಲಿಲ್ಲ. ಸೂರಿಗೆ ಸಂಬಂಧಿಸಿದವು ಜಗಲಿ, ಮಂಟಪ, ಛತ್ರ. ಇಲ್ಲಿ ವಿಚಾರಣೆ ಆರಂಭವಾಗುತ್ತದೆ. ಜಗಲಿಯ ಮೇಲೆ ಮಲಗುವವನು ನಡುಮನೆಗೆ ಬರುವಂತಿಲ್ಲ. ಎಲ್ಲ ಛತ್ರಗಳೂ ಎಲ್ಲರಿಗೂ ತೆರೆದಿರಲಿಲ್ಲ.

ಮೂರನೆಯದಾದ ನೆಲೆಯನ್ನು ಸೂಚಿಸುವ ಮಾತು ‘ಒಕ್ಕಲು’. ಊರಿನಲ್ಲಿ ನೆಲೆನಿಂತ ಮನೆವಾರ್ತೆ, ಭೂಮಿಯನ್ನು ಉಳುವ ಕುಟುಂಬ, ದೇವರಿಗೆ ನಡೆದುಕೊಳ್ಳುವ ಭಕ್ತ ಈ ಮೂರೂ ಒಕ್ಕಲೇ. ಪರಸ್ಥಳದಿಂದ ಬಂದವನು ಒಂದು ದೇವರ ಒಕ್ಕಲಾದಾಗ, ಒಂದು ಹೊಲದ ಒಕ್ಕಲಾದಾಗ ಊರಿನವನಾಗುತ್ತಾನೆ. ಇದರ ಎದುರು ಮಾತು ‘ಒಕ್ಕಲೆಬ್ಬಿಸು’. ಬರಿಯ ಮನೆಯಿಂದ ಹೊರಹಾಕುವುದಕ್ಕಿಂತ ಹೆಚ್ಚಿನ ಅರ್ಥ ಅದಕ್ಕಿದೆ. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿದಾಗ ಈ ಸೀಮೆಯ ಜನ ಆ ಮಾತಿನ ಪೂರ್ಣ ಅರ್ಥವನ್ನು ಅನುಭವಿಸಿದರು. ಹೊಸ ಕನ್ನಂಬಾಡಿ ಎಂಬ ಊರ ಹೆಸರೇ ಅದಕ್ಕೆ ಸಾಕ್ಷಿ.

2. ತೊಣ್ಣೂರಿಗೆ ಬಂದ ದಾರಿ

ಶ್ರೀವೈಷ್ಣವ ಗುರುಪರಂಪರೆಯ ಗ್ರಂಥಗಳು ರಾಮಾನುಜಾಚಾರ್ಯರ ಜೀವಿತಕಾಲವನ್ನು 1017ರಿಂದ 1137 ಎಂದು ಎಣಿಸುತ್ತವೆ. ಶಿವನಿಗಿಂತ ಹಿರಿದಾದ ದೈವವಿಲ್ಲವೆಂದು ಒಪ್ಪಿ ಬರೆದುಕೊಡುವಂತೆ ಚೋಳ ದೊರೆಯೊಬ್ಬನು ವಿದ್ವಾಂಸರನ್ನು ಒತ್ತಾಯಿಸಿದನೆಂದೂ, ರಾಮಾನುಜರ ಕಾಷಾಯವನ್ನು ತೊಟ್ಟು ಅವರ ಬದಲಿಗೆ ಆಸ್ಥಾನಕ್ಕೆ ಹೋದ ಶಿಷ್ಯ ಕೂರೇಶನು ಕಣ್ಣುಗಳನ್ನು ಕಳೆದುಕೊಂಡನೆಂದೂ, ರಾಮಾನುಜರು ಬಿಳಿಯ ಬಟ್ಟೆಯುಟ್ಟು ಶ್ರೀರಂಗದಿಂದ ಪಶ್ಚಿಮಕ್ಕೆ ಹೊರಟರೆಂದೂ ಅವು ಹೇಳುತ್ತವೆ. ವೇಷ ಬದಲಾಯಿಸಿ ಗಡಿ ದಾಟುವುದು, ಉಳಿದವರು ಹೋದವರ ಬದಲಿಗೆ ಶಿಕ್ಷೆ ಅನುಭವಿಸುವುದು ಎಲ್ಲ ಕಾಲದ ನಿರಾಶ್ರಿತರ ಕಥೆಗಳಲ್ಲಿಯೂ ಇರುವ ಅಂಶಗಳು.

ಈ ಕಥೆಯಲ್ಲಿ ಗಮನಾರ್ಹವಾದುದು ಮುಂದಿನ ಭಾಗ. ಕಾಡಿನಲ್ಲಿ ದಾರಿ ತಪ್ಪಿ ಹಸಿದ ಈ ತಂಡಕ್ಕೆ ಮೊದಲು ಎದುರಾದವರು ಬೇಡರು. ಅವರು ಬೆಂಕಿ ಹಾಕಿ ಚಳಿ ಕಾಯಿಸಿದರು, ಜೇನು ಮತ್ತು ನವಣೆ ಕೊಟ್ಟರು, ಮುಂದಿನ ಊರಿಗೆ ದಾರಿ ತೋರಿದರು. ಎರಡನೆಯ ನೆರವು ಕೊಂಗುನಾಡಿನ ಗೃಹಿಣಿಯೊಬ್ಬಳದು. ಬಂದವರು ಆಕೆಯ ಕೈಯಡುಗೆಯನ್ನು ಉಣ್ಣಲು ಹಿಂಜರಿದಾಗ ಆಕೆ ತನ್ನ ಹಿಂದಿನ ಕಥೆಯನ್ನು ಹೇಳುತ್ತಾಳೆ. ತನ್ನ ನಾಡಿನಲ್ಲಿ ಮಳೆ ಹೋಗಿ ಬರ ಬಂದಾಗ ಆಕೆಯೂ ಗಂಡನೂ ಶ್ರೀರಂಗಕ್ಕೆ ವಲಸೆ ಹೋಗಿದ್ದರು. ಅಲ್ಲಿ ರಾಮಾನುಜರಿಂದಲೇ ಉಪದೇಶ ಪಡೆದಿದ್ದರು. ಮಳೆಯಾದ ಮೇಲೆ ಮರಳಿದ್ದರು. ಹಿಂದೆ ವಲಸೆ ಹೋಗಿದ್ದವಳು ಈಗ ಆತಿಥೇಯಳು. ಹಿಂದೆ ಆತಿಥೇಯರಾಗಿದ್ದವರು ಈಗ ನಿರಾಶ್ರಿತರು. ಆಶ್ರಯವನ್ನು ದಾನವೆಂದಲ್ಲದೆ ತೀರಿಸಬೇಕಾದ ಋಣವೆಂದು ಕಾಣುವ ಜನಪದ ವಿವೇಕ ಈ ಉಪಕಥೆಯಲ್ಲಿದೆ.

ಅಲ್ಲಿಂದ ಮಿರ್ಲೆ, ಸಾಲಿಗ್ರಾಮಗಳ ಮೂಲಕ ರಾಮಾನುಜರು ತೊಣ್ಣೂರಿಗೆ ಬಂದರು. ಹೊಯ್ಸಳ ಬಿಟ್ಟಿದೇವನು ಅವರನ್ನು ಗೌರವಿಸಿದ್ದು, ವಿಷ್ಣುವರ್ಧನನೆಂಬ ಹೆಸರು ತಳೆದದ್ದು ಇಲ್ಲಿಯೇ ಎಂಬುದು ಸಾಂಪ್ರದಾಯಿಕ ನಿರೂಪಣೆ. ಇತಿಹಾಸಕಾರರು ಇದನ್ನು ಎಚ್ಚರಿಕೆಯಿಂದ ಸ್ವೀಕರಿಸಿದ್ದಾರೆ. ದೊರೆಯ ಮತಾಂತರವನ್ನು ಸಾರುವ ಸಮಕಾಲೀನ ಶಾಸನಾಧಾರ ಬಲವಾಗಿಲ್ಲ. ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. ಜೈನ ಬಸದಿಗಳಿಗೆ ದತ್ತಿಗಳು ನಡೆದುಬಂದವು. ಆದರೆ ರಾಜಕೀಯ ಸನ್ನಿವೇಶದ ಬಗ್ಗೆ ಸಂದೇಹವಿಲ್ಲ. ಸುಮಾರು 1116ರಲ್ಲಿ ಹೊಯ್ಸಳ ಸೇನೆ ಚೋಳರಿಂದ ತಲಕಾಡನ್ನು ಗೆದ್ದುಕೊಂಡಿತು. ‘ತಲಕಾಡುಗೊಂಡ’ ಎಂಬುದು ವಿಷ್ಣುವರ್ಧನನ ಹೆಮ್ಮೆಯ ಬಿರುದಾಯಿತು. ಚೋಳನಿಂದ ತಪ್ಪಿಸಿಕೊಂಡು ಬಂದ ಆಚಾರ್ಯನಿಗೆ ಚೋಳನ ಪ್ರತಿಸ್ಪರ್ಧಿಯ ನೆಲದಲ್ಲಿ ಮನ್ನಣೆ ದೊರೆತದ್ದು ಈ ಹಿನ್ನೆಲೆಯಲ್ಲಿ ಸಹಜವಾಗಿದೆ. ಬೇಡರು ಮತ್ತು ಕೊಂಗುನಾಡಿನ ಗೃಹಿಣಿ ಕೊಟ್ಟ ಆಶ್ರಯಕ್ಕೆ ಇಂತಹ ಲೆಕ್ಕಾಚಾರ ಇರಲಿಲ್ಲವೆಂಬುದನ್ನು ಮರೆಯಬಾರದು.

3. ಮೂರು ದಿನದ ಹಕ್ಕು

ಬಂದವರು ಬರಿಗೈಯಲ್ಲಿ ಉಳಿಯಲಿಲ್ಲ. ಮೇಲುಕೋಟೆಯಲ್ಲಿ ಚೆಲುವನಾರಾಯಣನ ಪೂಜಾಕ್ರಮವನ್ನು ರಾಮಾನುಜರು ನೆಲೆಗೊಳಿಸಿದರೆಂದೂ, ತೊಣ್ಣೂರಿನ ದೊಡ್ಡ ಕೆರೆಗೆ ತಿರುಮಲಸಾಗರವೆಂದು ಹೆಸರಿಟ್ಟರೆಂದೂ ಪ್ರತೀತಿಯಿದೆ. ವರ್ಷಗಳ ನಂತರ, ಕಿರುಕುಳ ಕೊನೆಗೊಂಡ ಮೇಲೆ, ಅವರು ಶ್ರೀರಂಗಕ್ಕೆ ಹಿಂದಿರುಗಿದರು. ಶಿಷ್ಯರ ಸಮುದಾಯ ಇಲ್ಲಿಯೇ ನಿಂತಿತು. ದೇಶಾಂತರ ಬಂದವರ ಪರಂಪರೆ ಹೀಗೆ ಈ ಸೀಮೆಯ ಸ್ವಂತ ಪರಂಪರೆಯಾಯಿತು.

ಉತ್ಸವಮೂರ್ತಿಯ ಐತಿಹ್ಯ ಇದಕ್ಕೆ ಇನ್ನೊಂದು ಆಯಾಮವನ್ನು ಕೂಡಿಸುತ್ತದೆ. ಚೆಲುವಪಿಳ್ಳೆಯ ಮೂರ್ತಿಯನ್ನು ರಾಮಾನುಜರು ದೆಹಲಿಯ ಸುಲ್ತಾನನ ಅರಮನೆಯಿಂದ ತಂದರೆಂದೂ, ಅದನ್ನು ಬಿಟ್ಟಿರಲಾರದೆ ಸುಲ್ತಾನನ ಮಗಳು ಮೇಲುಕೋಟೆಯವರೆಗೆ ಹಿಂಬಾಲಿಸಿ ಬಂದು ದೇವರಲ್ಲಿ ಐಕ್ಯಳಾದಳೆಂದೂ ಕಥೆಯಿದೆ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಇರಲಿಲ್ಲವಾದ್ದರಿಂದ ಕಥೆ ಕಾಲಕ್ರಮಕ್ಕೆ ಹೊಂದುವುದಿಲ್ಲ. ಆದರೂ ಬೀಬಿ ನಾಚಿಯಾರ್ ಎಂಬ ಹೆಸರಿನಲ್ಲಿ ಆಕೆಗೆ ದೇವರ ಪಾದದ ಬಳಿ ಸ್ಥಾನ ದೊರೆತಿರುವುದು ವಾಸ್ತವ. ಅನ್ಯಮತದ, ದೂರದೇಶದ ಹೆಣ್ಣಿಗೂ ಗರ್ಭಗುಡಿಯಲ್ಲಿ ಎಡೆ ಇದೆಯೆಂಬುದನ್ನು ಈ ಐತಿಹ್ಯ ಸಾರುತ್ತದೆ.

ಆದರೆ ಇದೇ ಐತಿಹ್ಯದ ಮುಂದುವರಿಕೆ ಕಠಿಣವಾದ ಪ್ರಶ್ನೆಯೊಂದನ್ನು ಎತ್ತುತ್ತದೆ. ಮೂರ್ತಿಯನ್ನು ತರುವ ದಾರಿಯಲ್ಲಿ ಕಳ್ಳರು ಮುತ್ತಿದಾಗ ಅದನ್ನು ಕಾಪಾಡಿ ಸುರಕ್ಷಿತವಾಗಿ ಸಾಗಿಸಿದವರು ಅಸ್ಪೃಶ್ಯರೆನಿಸಿದ್ದ ಜನ. ಅದಕ್ಕೆ ಕೃತಜ್ಞತೆಯಾಗಿ ರಾಮಾನುಜರು ಅವರನ್ನು ‘ತಿರುಕುಲದವರು’ ಎಂದು ಕರೆದರು. ವರ್ಷಕ್ಕೆ ಮೂರು ದಿನ ದೇವಾಲಯ ಪ್ರವೇಶದ ಹಕ್ಕನ್ನು ಕೊಟ್ಟರು. ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್‌ನಲ್ಲಿ ಈ ಮೂರು ದಿನದ ಪ್ರವೇಶದ ಉಲ್ಲೇಖವಿದೆ. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಲೆಕ್ಕವನ್ನು ಪೂರ್ತಿ ಮಾಡಿದರೆ, ಹೊರನಾಡಿನಿಂದ ಬಂದವರಿಗೆ ವರ್ಷವಿಡೀ ನೆಲೆ ದೊರೆಯಿತು. ದೇವರಿಗೇ ದಾರಿ ಕೊಟ್ಟ ಈ ನೆಲದ ಜನಕ್ಕೆ ದೊರೆತದ್ದು ಮೂರು ದಿನ. ಉಳಿದ ದಿನಗಳ ಬಾಗಿಲು ಕಾನೂನಿನ ಮೂಲಕ ತೆರೆಯಲು 1948ರ ಮೈಸೂರು ದೇವಾಲಯ ಪ್ರವೇಶ ಕಾಯಿದೆಯವರೆಗೆ ಕಾಯಬೇಕಾಯಿತು. ದಾರಿ ಕೊಟ್ಟವರಿಗೆ ನೆಲೆಯಲ್ಲಿ ಪಾಲು ಕಡಿಮೆ ಎಂಬ ಸೂತ್ರ ಇಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ.

4. ಮುಂಬಯಿಯಿಂದ ಬೂಕನಕೆರೆಗೆ

ಹೊರಗಿನವರನ್ನು ಬರಮಾಡಿಕೊಂಡ ಈ ಸೀಮೆಯೇ ತನ್ನವರನ್ನು ಹೊರಗೆ ಕಳುಹಿಸಿದ್ದು ಇಪ್ಪತ್ತನೆಯ ಶತಮಾನದ ಬೆಳವಣಿಗೆ. ಮಂಡ್ಯ ಜಿಲ್ಲೆಯೆಂದರೆ ವಿಶ್ವೇಶ್ವರಯ್ಯ ನಾಲೆಯ ಹಸಿರು ಎಂಬ ಕಲ್ಪನೆ ಸಾಮಾನ್ಯವಾಗಿದೆ. ಆದರೆ ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಬಹುಭಾಗ ಮಳೆಯನ್ನೇ ನಂಬಿದ ಬೆದ್ದಲು. ಅಲ್ಲಿಯ ಯುವಕರು ಮುಂಬಯಿಯ ಹೋಟೆಲುಗಳಿಗೆ, ಎಳನೀರು ವ್ಯಾಪಾರಕ್ಕೆ, ಟ್ಯಾಕ್ಸಿ–ಆಟೋ ಚಾಲನೆಗೆ ಹೊರಟರು. ಮೊದಲು ಹೋದವನ ಕೋಣೆಯೇ ನಂತರ ಬಂದವನ ಸೂರು. ಅವನ ಪರಿಚಯವೇ ಕೆಲಸದ ಚೀಟಿ. ಇಲ್ಲಿಯೂ ಆಶ್ರಯ ಕೊಟ್ಟದ್ದು ನೆಂಟಸ್ತಿಕೆ ಮತ್ತು ಊರಿನ ಹೆಸರು.

2020ರ ಮಾರ್ಚ್ 25ರಿಂದ ದೇಶವ್ಯಾಪಿ ದಿಗ್ಬಂಧನ ಜಾರಿಗೆ ಬಂದಾಗ ಈ ವ್ಯವಸ್ಥೆ ಕುಸಿಯಿತು. ದುಡಿಮೆ ನಿಂತಿತು, ಕಿಕ್ಕಿರಿದ ಕೋಣೆಗಳು ರೋಗಭಯದ ತಾಣಗಳಾದವು. ಅಡಚಣೆಯಲ್ಲಿ ಸಿಲುಕಿದವರು ರಾಜ್ಯದಿಂದ ರಾಜ್ಯಕ್ಕೆ ಸಂಚರಿಸಲು ಕೇಂದ್ರ ಗೃಹ ಸಚಿವಾಲಯವು ಅನುಮತಿ ನೀಡಿದ್ದು ಏಪ್ರಿಲ್ 29ರಂದು. ‘ಸೇವಾ ಸಿಂಧು’ವಿನಲ್ಲಿ ನೋಂದಾಯಿಸಿ, ಪಾಸು ಪಡೆದು ಮಂಡ್ಯ ಜಿಲ್ಲೆಯವರು ಮರಳತೊಡಗಿದರು. ಮೇ ತಿಂಗಳಲ್ಲಿ ಜಿಲ್ಲೆಯಲ್ಲಿ ಪತ್ತೆಯಾದ ಸೋಂಕಿನ ಪ್ರಕರಣಗಳಲ್ಲಿ ಹೆಚ್ಚಿನವು ಮುಂಬಯಿಯಿಂದ ಬಂದವರವು. ಅದರಲ್ಲೂ ಕೃಷ್ಣರಾಜಪೇಟೆ ತಾಲ್ಲೂಕಿನ ಹೆಸರು ದಿನವೂ ಕೇಳಿಬಂತು. ಮೇ 18ರಂದು ರಾಜ್ಯ ಸರ್ಕಾರವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶ ನಿರ್ಬಂಧಿಸುವ ನಿರ್ಧಾರವನ್ನು ಪ್ರಕಟಿಸಿತು. ಆಗ ಮುಖ್ಯಮಂತ್ರಿಯಾಗಿದ್ದ ಬಿ.ಎಸ್. ಯಡಿಯೂರಪ್ಪನವರು 1943ರಲ್ಲಿ ಬೂಕನಕೆರೆಯಲ್ಲಿಯೇ ಹುಟ್ಟಿ, ದುಡಿಮೆಗಾಗಿ ಶಿಕಾರಿಪುರಕ್ಕೆ ಹೋಗಿ ಅಲ್ಲಿ ನೆಲೆನಿಂತವರು. ಊರುಬಿಟ್ಟು ಬದುಕು ಕಟ್ಟಿಕೊಳ್ಳುವುದು ಈ ಸೀಮೆಗೆ ಎಷ್ಟು ಸಹಜವಾದುದು ಎಂಬುದಕ್ಕೆ ಇದೂ ಒಂದು ನಿದರ್ಶನ.

ಮರಳಿದವರಿಗೆ ಹಾಸ್ಟೆಲುಗಳು, ಶಾಲೆಗಳು ತಾತ್ಕಾಲಿಕ ಸೂರಾದವು. ರಾಜ್ಯದ ಹಲವು ಹಳ್ಳಿಗಳಲ್ಲಿ ಹೊರಗಿನಿಂದ ಬರುವವರನ್ನು ತಡೆಯಲು ಊರದಾರಿಗೆ ಮುಳ್ಳು ಹಾಕಿದ್ದೂ ಇದೇ ಕಾಲದಲ್ಲಿ. ಭಯಕ್ಕೆ ಕಾರಣವಿತ್ತು, ರೋಗ ನಿಜವಾಗಿತ್ತು. ಆದರೆ ಹಬ್ಬ, ಜಾತ್ರೆಗಳಿಗೆ ಹಣ ಕಳುಹಿಸುತ್ತಿದ್ದಾಗ ಊರಿನವನೇ ಆಗಿದ್ದವನು ಆಸರೆ ಕೇಳಿ ಬಂದಾಗ ‘ಬಾಂಬೆಯಿಂದ ಬಂದವನು’ ಆದ. ಗ್ರಾಮದೇವತೆಗೆ ಅವನು ಒಕ್ಕಲು. ಊರಿಗೆ ಅವನು ಪರಸ್ಥಳದವನು. ಒಕ್ಕಲು ಎಂಬ ಮಾತಿನ ಅರ್ಥ ಹೀಗೆ ಒಡೆದುಹೋದದ್ದು ಈ ಸೀಮೆಯ ಸಾಮಾಜಿಕ ಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ.

ಇದೇ ಜಿಲ್ಲೆಯ ಆಲೆಮನೆಗಳಿಗೆ ಉತ್ತರ ಪ್ರದೇಶ ಮೊದಲಾದ ಕಡೆಗಳಿಂದ ಬೆಲ್ಲ ತಯಾರಿಕೆಗೆ ಬರುವ ಕಾರ್ಮಿಕರ ಸ್ಥಿತಿಯನ್ನೂ ಇದರ ಜೊತೆಗೆ ನೋಡಬೇಕು. ಆಲೆಮನೆಯ ಮಗ್ಗುಲ ಶೆಡ್ಡೇ ಅವರ ಮನೆ. ದಾರಿ ಇದೆ, ಹೇಗೋ ಸೂರೂ ಇದೆ, ನೆಲೆ ಇಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಸೂಕ್ತ ವಸತಿ ಒದಗಿಸಬೇಕೆಂದು 1979ರಲ್ಲಿಯೇ ಸಂಸತ್ತು ಕಾಯಿದೆ ಮಾಡಿತ್ತು. ಆ ಭರವಸೆ ಎಷ್ಟು ದುರ್ಬಲವಾಗಿತ್ತೆಂಬುದನ್ನು 2020ರ ಹೆದ್ದಾರಿಗಳು ತೋರಿಸಿದವು. ದೇಶದ ಹೊರಗಿನಿಂದ ಬಂದವರ ಸ್ಥಿತಿ ಇನ್ನೂ ಸೂಕ್ಷ್ಮ. 1951ರ ವಿಶ್ವಸಂಸ್ಥೆಯ ನಿರಾಶ್ರಿತರ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ಆದರೂ ನೆರೆಯ ಮೈಸೂರು ಜಿಲ್ಲೆಯ ಬೈಲುಕುಪ್ಪೆಯಲ್ಲಿ 1960ರ ಸುಮಾರಿಗೆ ಅಂದಿನ ಮೈಸೂರು ರಾಜ್ಯವು ಟಿಬೆಟನ್ನರಿಗೆ ಜಮೀನು ಕೊಟ್ಟಿತು. ಕಾಡು ಕಡಿದು ಜೋಳ ಬೆಳೆದ ಆ ಜನ ಇಂದಿಗೂ ನೋಂದಣಿ ಪತ್ರವನ್ನು ನವೀಕರಿಸಿಕೊಳ್ಳುತ್ತಲೇ ಇದ್ದಾರೆ. ಅಲ್ಲಿ ಸೂರು ಗಟ್ಟಿಯಾಗಿದೆ. ನೆಲೆ ಕಾಗದದ ಮೇಲೆ ನಿಂತಿದೆ.

5. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಈ ಸೀಮೆಯಲ್ಲಿ ಸುರಕ್ಷಿತ ದಾರಿಯನ್ನು ಕೊಟ್ಟವರು ಬಹುಪಾಲು ಬಡವರು, ಬೇಡರು, ಅಸ್ಪೃಶ್ಯರೆನಿಸಿದವರು ಮತ್ತು ಹೆಂಗಸರು. ಎರಡನೆಯದಾಗಿ, ನೆಲೆಯನ್ನು ಕೊಡುವ ಅಧಿಕಾರ ಅರಸನದೋ ಸರ್ಕಾರದ್ದೋ ಆಗಿರುವುದರಿಂದ ಅದರೊಡನೆ ಕಾಲದ ಅವಶ್ಯಕತೆ ಮತ್ತು ಷರತ್ತುಗಳು ಬರುತ್ತವೆ. ಮೂರನೆಯದಾಗಿ, ಆಶ್ರಯದ ಸ್ಮೃತಿಯನ್ನು ಕಾಯ್ದುಕೊಂಡಿರುವ ಸಮಾಜವೂ ಭಯದ ಗಳಿಗೆಯಲ್ಲಿ ಅದನ್ನು ಮರೆಯಬಲ್ಲದು.

ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ ಸುತ್ತಣ ಹಳ್ಳಿಗಳ ಜನ ಇಂದಿಗೂ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ; ಮುಂಬಯಿಯಲ್ಲಿ ನೆಲೆಸಿದವರೂ ಅವರಲ್ಲಿ ಇರುತ್ತಾರೆ. ಅವರು ಕೈಮುಗಿಯುವ ದೇವರು ಐತಿಹ್ಯದ ಪ್ರಕಾರ ದೂರದಿಂದ ತಂದ ದೇವರು. ಆತನ ಪೂಜಾಕ್ರಮವನ್ನು ರೂಪಿಸಿದ ಆಚಾರ್ಯರು ದೇಶಾಂತರ ಬಂದವರು. ಆತನ ಪಾದದ ಬಳಿ ಇರುವವಳು ಪರದೇಶದ ಹೆಣ್ಣು. ಆತನನ್ನು ಹೊತ್ತು ತಂದವರು ಊರ ಹೊರಗೆ ಇರಿಸಲ್ಪಟ್ಟವರು. ತಾನೂ ಒಮ್ಮೆ ಬರಕ್ಕೆ ಸಿಕ್ಕಿ ಬೇರೊಂದು ಊರಿನಲ್ಲಿ ಅನ್ನ ಉಂಡವಳೆಂದು ನೆನಪಿಟ್ಟುಕೊಂಡ ಕೊಂಗುನಾಡಿನ ಗೃಹಿಣಿಯೇ ಈ ಪರಂಪರೆಯ ನಿಜವಾದ ವಕ್ತಾರಳು. ಮನೆಮನೆಯಿಂದಲೂ ಒಬ್ಬರನ್ನು ಹೊರಗೆ ಕಳುಹಿಸಿರುವ ಊರುಗಳಿಗೆ ಆಕೆಯ ನೆನಪು ಎಲ್ಲರಿಗಿಂತ ಹೆಚ್ಚು ಅಗತ್ಯವಾಗಿದೆ.