ಮೂಳೆಗೆ ಹೆಸರು ಹುಡುಕುವ ಬಗೆ

ಮೈಸೂರಿಗೆ ಬಂದವರು ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನವನ್ನು ನೋಡದೆ ಹಿಂದಿರುಗುವುದಿಲ್ಲ. ಅದನ್ನು ರೂಪಿಸಿದ ಸರ್ ಮಿರ್ಜಾ ಇಸ್ಮಾಯಿಲ್ ಅವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದರೆಂಬುದನ್ನು ನೀವು ಓದಿರುತ್ತೀರಿ. ಅವರ ಮೊಮ್ಮಗಳು ಶಾಕಿರೆ 1991ರಲ್ಲಿ ಬೆಂಗಳೂರಿನಲ್ಲಿ ಕಾಣೆಯಾದರು. ತಾಯಿಗಾಗಿ ಮಗಳು ಹುಡುಕಿ ಹುಡುಕಿ ಸೋತು ಪೊಲೀಸರಿಗೆ ದೂರಿತ್ತಳು. ಎರಡನೆಯ ಪತಿ ಸ್ವಾಮಿ ಶ್ರದ್ಧಾನಂದ ಒಂದೊಂದು ಸಲ ಒಂದೊಂದು ಊರಿನ ಹೆಸರು ಹೇಳಿ ಕಾಲ ತಳ್ಳಿದ. 1994ರಲ್ಲಿ ರಿಚ್ಮಂಡ್ ರಸ್ತೆಯ ಆಕೆಯ ಮನೆಯ ಅಂಗಳವನ್ನು ಅಗೆದಾಗ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗಿದ್ದುದು ಅಸ್ಥಿಪಂಜರ.

ಅದು ಶಾಕಿರೆಯವರದೇ ಎನ್ನುವುದು ಹೇಗೆ? ಉಡುಪು, ಬಳೆ, ಉಂಗುರಗಳನ್ನು ಮನೆಯವರು ಗುರುತಿಸಿದರು. ಆದರೆ ಉಂಗುರವನ್ನು ಯಾರ ಬೆರಳಿಗಾದರೂ ತೊಡಿಸಬಹುದಲ್ಲವೆ! ಆದ್ದರಿಂದ ಮೂಳೆಯನ್ನೇ ಕೇಳಬೇಕಾಯಿತು.

ವಯಸ್ಕರ ದೇಹದಲ್ಲಿ ಸಾಮಾನ್ಯವಾಗಿ 206 ಮೂಳೆಗಳು. ಹೆರಿಗೆಗೆ ಅನುಕೂಲವಾಗುವಂತೆ ಹೆಣ್ಣಿನ ಸೊಂಟದ ಮೂಳೆ ಅಗಲವಾಗಿರುತ್ತದೆ. ಲಿಂಗ ನಿರ್ಧಾರಕ್ಕೆ ಅದಕ್ಕಿಂತ ನಂಬಿಕಸ್ತ ಸಾಕ್ಷಿ ಬೇರೆ ಮೂಳೆಯಲ್ಲಿಲ್ಲ. ತೊಡೆಮೂಳೆಯ ಉದ್ದದಿಂದ ಎತ್ತರವನ್ನು ಅಂದಾಜು ಮಾಡುತ್ತಾರೆ. ಎಳೆಯರಲ್ಲಿ ಮೂಳೆಯ ತುದಿಗಳು ಬೇರೆಯಾಗಿದ್ದು ಕ್ರಮೇಣ ಬೆಸೆಯುತ್ತವೆ. ನಿಮ್ಮ ಕೊರಳ ಬುಡದ ಕಂಠಾಸ್ಥಿಯನ್ನು ಮುಟ್ಟಿ ನೋಡಿಕೊಳ್ಳಿ: ಎದೆಯ ಕಡೆಯ ಅದರ ತುದಿ ಬೆಸೆಯುವುದು ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಿದ ಮೇಲೆ.

ಇಷ್ಟಾದರೂ ಹೆಸರು ಸಿಗದು. ಅದಕ್ಕೆ ಬದುಕಿದ್ದಾಗಿನ ದಾಖಲೆ ಬೇಕು. ಹಳೆಯ ಎಕ್ಸ್‌ರೇ, ಕೂಡಿಕೊಂಡ ಮುರಿತ, ದಂತವೈದ್ಯರ ಚೀಟಿ ಇವೆಲ್ಲ ಆಗ ಚಿನ್ನ. 1776ರಲ್ಲಿ ಅಮೆರಿಕದ ಪಾಲ್ ರಿವಿಯರ್, ಯುದ್ಧದಲ್ಲಿ ಮಡಿದ ಗೆಳೆಯ ಜೋಸೆಫ್ ವಾರನ್‌ನ ಶವವನ್ನು ಗುರುತಿಸಿದ್ದು ತಾನೇ ತಂತಿಯಿಂದ ಕಟ್ಟಿದ್ದ ಕೃತಕ ಹಲ್ಲಿನಿಂದ. 1935ರಲ್ಲಿ ಬ್ರಿಟನ್ನಿನ ರಕ್ಸ್‌ಟನ್ ಪ್ರಕರಣದಲ್ಲಿ ಪ್ರಾಧ್ಯಾಪಕರಾದ ಗ್ಲೇಸ್ಟರ್ ಮತ್ತು ಬ್ರಾಶ್ ತಲೆಬುರುಡೆಯ ಚಿತ್ರದ ಮೇಲೆ ಮೃತಳ ಭಾವಚಿತ್ರವನ್ನು ಹೊಂದಿಸಿ ತೋರಿಸಿದರು. (ಆ ಕೊಲೆಗಾರ ವೈದ್ಯ ಹುಟ್ಟಿದ್ದು ನಮ್ಮ ಬೊಂಬಾಯಿಯಲ್ಲಿ.) ಈ ವಿಧಾನದ ಮಿತಿಯನ್ನೂ ತಿಳಿದಿರಿ. ಬುರುಡೆ ಹೊಂದದಿದ್ದರೆ 'ಇವರಲ್ಲ' ಎಂದು ಧೈರ್ಯವಾಗಿ ಹೇಳಬಹುದು. ಹೊಂದಿದರೆ 'ಇವರಿರಬಹುದು' ಎನ್ನಬಹುದು, ಅಷ್ಟೆ.

ಶಾಕಿರೆಯವರ ಪ್ರಕರಣದಲ್ಲೂ ಬುರುಡೆಯನ್ನು ಭಾವಚಿತ್ರದೊಡನೆ ಹೋಲಿಸಿದರು. ಜೊತೆಗೆ ಡಿ.ಎನ್.ಎ. ಪರೀಕ್ಷೆಯೂ ನಡೆಯಿತು, ಆ ದಿನಗಳಲ್ಲಿ ಅದು ನಮ್ಮ ನ್ಯಾಯಾಲಯಗಳಿಗೆ ಇನ್ನೂ ಹೊಸತು. ಎಲ್ಲವೂ ಒಂದೇ ಹೆಸರನ್ನು ಹೇಳಿದವು.

2005ರಲ್ಲಿ ಪತಿಗೆ ಮರಣದಂಡನೆಯಾಯಿತು. 2008ರಲ್ಲಿ ಸುಪ್ರೀಂ ಕೋರ್ಟ್ ಅದನ್ನು, ಬದುಕಿರುವತನಕ ಬಿಡುಗಡೆಯಿಲ್ಲದ ಸೆರೆವಾಸವಾಗಿ ಮಾರ್ಪಡಿಸಿತು.