ಸೆರೆಯಲ್ಲೂ ಆರದ ಮನೆಯ ದೀಪ



ವಿಭೂತಿ ಬುಧವಾರದಂದು ಹಣೆಗೆ ಬೂದಿ ಹಚ್ಚಿಸಿಕೊಂಡು ನಾವು ತಪಸ್ಸು ಕಾಲವನ್ನು ಆರಂಭಿಸುತ್ತೇವೆ. ನಮ್ಮ ನಾಡಿನ ಕಥೋಲಿಕರ ಚರಿತ್ರೆಯಲ್ಲಿ ಈ ದಿನಕ್ಕೆ ಇನ್ನೊಂದು ನೆನಪೂ ಸೇರಿಕೊಂಡಿದೆ. ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾ ಕರಾವಳಿಯ ಕ್ರೈಸ್ತರ ಬಂಧನ ನಡೆದದ್ದು 1784ರ ವಿಭೂತಿ ಬುಧವಾರದಂದು ಎಂದು ಕರಾವಳಿಯ ಹಿರಿಯರು ಹೇಳುತ್ತಾ ಬಂದಿದ್ದಾರೆ. ಅವರನ್ನು ಘಟ್ಟ ಹತ್ತಿಸಿ ಕರೆತಂದದ್ದು ಶ್ರೀರಂಗಪಟ್ಟಣಕ್ಕೆ. ಹೆಬ್ಬಾಳದಲ್ಲಿರುವ ನಮಗೆ ಅದು ದೂರದ ಊರಲ್ಲ, ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನ ದಾರಿ.

ಆ ಊರಿನಲ್ಲಿ ಶುಭಸಂದೇಶದ ಬೀಜ ಬಿದ್ದದ್ದು ಅದಕ್ಕೂ ಬಹಳ ಮೊದಲು. 1649ರಲ್ಲಿ ಯೇಸುಸಭೆಯ ಗುರು ಲಿಯೊನಾರ್ದೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಗಲ್ಲು ಹಾಕಿದರು. ಆಗ ಆಳುತ್ತಿದ್ದವರು ಕಂಠೀರವ ನರಸರಾಜ ಒಡೆಯರು. ಚಿನ್ನಾಮಿಯವರು ಕನ್ನಡ ಕಲಿತು, ಕನ್ನಡದಲ್ಲಿಯೇ ಧರ್ಮೋಪದೇಶದ ಪುಸ್ತಕ ಬರೆದರು. ಮನೆಯಲ್ಲಿ ಆಡುವ ಮಾತಿನಲ್ಲಿ ಕಲಿತ ಪ್ರಾರ್ಥನೆ ಮನೆಯಲ್ಲಿಯೇ ಉಳಿಯುತ್ತದೆ ಎಂಬ ಸತ್ಯ ಆ ಕೆಲಸದಲ್ಲಿ ಅಡಗಿತ್ತು.

ಮುಂದೆ ಕಷ್ಟದ ದಿನಗಳು ಬಂದವು. 1773ರಲ್ಲಿ ಜಗದ್ಗುರು ಹದಿನಾಲ್ಕನೆಯ ಕ್ಲೆಮೆಂಟರು ಯೇಸುಸಭೆಯನ್ನು ರದ್ದುಗೊಳಿಸಿದರು. ಹನ್ನೊಂದು ವರ್ಷಗಳ ನಂತರ ಕರಾವಳಿಯ ಬಂಧನ. ಇಂಗ್ಲಿಷರೊಡನೆ ನಡೆದ ಯುದ್ಧದಲ್ಲಿ ಕ್ರೈಸ್ತರು ಶತ್ರುಗಳಿಗೆ ನೆರವಾದರೆಂಬ ಆರೋಪ ಅದರ ಹಿಂದೆ ಇತ್ತು. ಸೆರೆಯಾದವರ ಸಂಖ್ಯೆ ಮೂವತ್ತು ಸಾವಿರವೆಂದು ಕೆಲವರು, ಎಂಬತ್ತು ಸಾವಿರವೆಂದು ಕೆಲವರು ಬರೆದಿದ್ದಾರೆ. ಕರಾವಳಿಯ ಇಗರ್ಜಿಗಳನ್ನು ಕೆಡವಲಾಯಿತು. ಗುರುಗಳನ್ನು ಗಡೀಪಾರು ಮಾಡಲಾಯಿತು. ದಾರಿಯಲ್ಲಿ, ಸೆರೆಯಲ್ಲಿ ಬಹಳ ಮಂದಿ ಸತ್ತರು. ಹಲವರು ಒತ್ತಾಯಕ್ಕೆ ಮಣಿದು ಮತ ಬದಲಿಸಿದರು.

ಟಿಪ್ಪು ಮಡಿದದ್ದು 1799ರ ಮೇ 4ರಂದು. ಹದಿನೈದು ವರ್ಷಗಳ ನಂತರ ಬಿಡುಗಡೆಯಾದವರಲ್ಲಿ ಸಾವಿರಾರು ಮಂದಿ ಮತ್ತೆ ಧರ್ಮಸಭೆಯ ಬಾಗಿಲಿಗೆ ಬಂದರು. ಇಲ್ಲಿ ನಾವು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಇಗರ್ಜಿ ಇಲ್ಲ, ಗಂಟೆಯ ದನಿ ಇಲ್ಲ, ಧರ್ಮೋಪದೇಶದ ತರಗತಿ ಇಲ್ಲ. ಸೆರೆಯಲ್ಲೇ ಹುಟ್ಟಿ ಬೆಳೆದ ಮಗುವಿಗೆ ಶಿಲುಬೆಯ ಗುರುತು ಹಾಕಲು ಯಾರು ಕಲಿಸಿದರು? ತಾಯಿ ತಂದೆಯರಲ್ಲದೆ, ಅಜ್ಜಿಯರಲ್ಲದೆ ಇನ್ನಾರು ಕಲಿಸಲು ಸಾಧ್ಯವಿತ್ತು? ಹೀಗೆ ಕಲಿಸಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಆದರೆ ಅವರಿಲ್ಲದಿದ್ದರೆ ಹಿಂದಿರುಗಲು ಯಾರೂ ಉಳಿಯುತ್ತಿರಲಿಲ್ಲ.

ಚದುರಿದ ಈ ಮಂದೆಯನ್ನು ಒಟ್ಟುಗೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದವರು ಫ್ರಾನ್ಸ್ ದೇಶದ ಗುರು ಅಬ್ಬೆ ದುಬುವಾ. ನಮ್ಮವರಂತೆ ಉಟ್ಟು, ನಮ್ಮವರಂತೆ ಉಂಡು ಬಾಳಿದ ಇವರನ್ನು ಜನ ದೊಡ್ಡಸ್ವಾಮಿಯವರು ಎಂದು ಕರೆದರು. ಮತ ಬದಲಿಸಿದ್ದವರನ್ನು ಅವರು ದೂರ ತಳ್ಳಲಿಲ್ಲ, ಮರಳಿ ಸ್ವೀಕರಿಸಿದರು. ಬದುಕಿಗೆ ದಾರಿಯಿಲ್ಲದವರಿಗಾಗಿ ಹಾಸನ ಸೀಮೆಯ ಸಾತಹಳ್ಳಿ ಮುಂತಾದ ಕಡೆ ಬೇಸಾಯದ ನೆಲೆಗಳನ್ನು ಮಾಡಿಸಿದರು. ಸಿಡುಬು ಹರಡಿದ್ದ ಕಾಲದಲ್ಲಿ ಲಸಿಕೆ ಹಾಕಿಸುವ ಕೆಲಸಕ್ಕೆ ನಿಂತರು. 1803-04ರಲ್ಲಿ ಅವರ ಶ್ರಮದಿಂದ ಲಸಿಕೆ ಪಡೆದವರು 25,432 ಮಂದಿ. ಆತ್ಮದ ಆರೈಕೆ ಮತ್ತು ಹೊಟ್ಟೆಯ ಚಿಂತೆ ಅವರಿಗೆ ಬೇರೆ ಬೇರೆಯಾಗಿರಲಿಲ್ಲ.

ಇಂಥವರೂ ಕೊನೆಗೆ ನಿರಾಶರಾದರು. ಹಿಂದೂ ಸಮಾಜದಲ್ಲಿ ಕ್ರೈಸ್ತ ಧರ್ಮ ಇನ್ನು ಹರಡಲಾರದು ಎಂದು ಬರೆದು, 1823ರಲ್ಲಿ ಸ್ವದೇಶಕ್ಕೆ ಹೊರಟುಹೋದರು. ಆದರೆ ಅವರು ಸಂತೈಸಿದ ಕುಟುಂಬಗಳು ವಿಶ್ವಾಸವನ್ನು ಕೈಬಿಡಲಿಲ್ಲ. 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ದೇವಾಲಯ ಎದ್ದಿತು. ಅದೇ ಜಾಗದಲ್ಲಿ ಸಂತ ಫಿಲೋಮಿನರ ಮಹಾದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. 1940ರಲ್ಲಿ ಬೆಂಗಳೂರು ಬೇರೆಯಾಗಿ, ಈಗಿನ ಮೈಸೂರು ಧರ್ಮಕ್ಷೇತ್ರ ರೂಪುಗೊಂಡಿತು. ಗೋಪುರ ಕಾಣುವ ಮೊದಲೇ ಅದರ ತಳಪಾಯ ಮನೆಮನೆಗಳಲ್ಲಿ ಬಿದ್ದಿತ್ತು.

ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ ಧರ್ಮಸಭೆಯ ಕುರಿತಾದ ಸಂವಿಧಾನದಲ್ಲಿ ಕುಟುಂಬವನ್ನು ಗೃಹ ಧರ್ಮಸಭೆ ಎಂದು ಕರೆಯಿತು. ಸೆರೆಯಲ್ಲಿದ್ದ ತಾಯಂದಿರು ಈ ಮಾತನ್ನು ಕೇಳಿರಲಿಲ್ಲ, ಆದರೆ ಬದುಕಿ ತೋರಿಸಿದ್ದರು.

ಇಂದು ನಮಗೆ ಯಾವ ಸೆರೆಯೂ ಇಲ್ಲ. ಹೆಬ್ಬಾಳ ಕೈಗಾರಿಕೆಗಳ ಪ್ರದೇಶ. ಒಬ್ಬರು ಬೆಳಗಿನ ಪಾಳಿಗೆ ಹೊರಟರೆ, ಇನ್ನೊಬ್ಬರು ರಾತ್ರಿ ಪಾಳಿ ಮುಗಿಸಿ ಬರುತ್ತಾರೆ. ಮಕ್ಕಳಿಗೆ ಟ್ಯೂಷನ್, ಉಳಿದ ಹೊತ್ತಿಗೆ ಟಿವಿ, ಮೊಬೈಲು. ಜಪಸರ ದೇವರ ಪಟದ ಮೊಳೆಯಲ್ಲೇ ತೂಗಾಡುತ್ತಿರುತ್ತದೆ. ಭಾನುವಾರದ ಬಲಿಪೂಜೆಗೆ ಬರುತ್ತೇವೆ, ಸರಿ. ಉಳಿದ ಆರು ದಿನ ನಮ್ಮ ಮಕ್ಕಳು ನಮ್ಮಿಂದ ಏನನ್ನು ಕಲಿಯುತ್ತಿದ್ದಾರೆ?

ಈ ತಪಸ್ಸು ಕಾಲದಲ್ಲಿ ದೊಡ್ಡ ಹರಕೆ ಬೇಡ. ಮನೆಯವರೆಲ್ಲ ಸೇರುವ ಹೊತ್ತು ಯಾವುದೇ ಇರಲಿ, ಹದಿನೈದು ನಿಮಿಷ ಒಟ್ಟಿಗೆ ಕುಳಿತು ಪ್ರಾರ್ಥಿಸೋಣ. ವಾರಕ್ಕೊಮ್ಮೆ ಅಕ್ಕಪಕ್ಕದ ನಾಲ್ಕು ಕುಟುಂಬಗಳು ಸೇರಿ ಶುಭಸಂದೇಶ ಓದೋಣ. ದೇವಾಲಯಕ್ಕೆ ಬರುವುದನ್ನು ಬಿಟ್ಟವರನ್ನು ಟೀಕಿಸದೆ, ದೊಡ್ಡಸ್ವಾಮಿಯವರಂತೆ ಅವರ ಮನೆ ಬಾಗಿಲಿಗೆ ಹೋಗಿ ಕರೆಯೋಣ. ಕಾಯಿಲೆಯವರ, ಕೆಲಸ ಕಳೆದುಕೊಂಡವರ ಕಷ್ಟ ವಿಚಾರಿಸೋಣ. ಇಬ್ಬರು ಮೂವರು ತಮ್ಮ ಹೆಸರಿನಲ್ಲಿ ಕೂಡಿದಲ್ಲಿ ತಾವೂ ಇರುವುದಾಗಿ ಯೇಸುಸ್ವಾಮಿ ಮಾತು ಕೊಟ್ಟಿದ್ದಾರೆ. ಆ ಮಾತನ್ನು ನಂಬಿ ಸೆರೆಯಲ್ಲಿದ್ದವರು ಹದಿನೈದು ವರ್ಷ ಕಾದರು. ನಾವು ದಿನಕ್ಕೆ ಹದಿನೈದು ನಿಮಿಷ ಕೊಡಲಾರೆವೇ?