ಬಂಕಮ್

ಹುರುಳಿಲ್ಲದ ಮಾತಿಗೆ ಇಂಗ್ಲಿಷಿನಲ್ಲಿ ‘ಬಂಕಮ್’ ಎನ್ನುತ್ತಾರೆ. ಈ ಪದದ ತವರು ಅಮೆರಿಕದ ಪ್ರತಿನಿಧಿ ಸಭೆ, ಕಾಲ 1820ರ ಫೆಬ್ರುವರಿ. ಮಿಸೌರಿಯನ್ನು ಗುಲಾಮಗಿರಿ ಇರುವ ರಾಜ್ಯವಾಗಿಯೇ ಒಕ್ಕೂಟಕ್ಕೆ ಸೇರಿಸಬೇಕೇ ಎಂಬ ಚರ್ಚೆ ಎಳೆದಾಡಿ ಎಲ್ಲರಿಗೂ ಸಾಕಾಗಿತ್ತು. ‘ಮತಕ್ಕೆ ಹಾಕಿ’ ಎಂಬ ಕೂಗಿನ ನಡುವೆ ಉತ್ತರ ಕೆರೊಲಿನಾದ ಫೆಲಿಕ್ಸ್ ವಾಕರ್ ಎದ್ದು ನಿಂತರು. ಕೂರಿ ಎಂದರೂ ಕೂರಲಿಲ್ಲ. ತಾವು ಮಾತಾಡಬೇಕಿರುವುದು ಬಂಕಮ್‌ಗಾಗಿ ಎಂದರು. ಅದು ಅವರ ಕ್ಷೇತ್ರದ ಒಂದು ಕೌಂಟಿ. ಮತದಾರರ ಕಿವಿಗೆಂದೇ ಆಡುವ ಮಾತಿಗೆ ಆ ಕೌಂಟಿಯ ಹೆಸರೇ ಅಂಟಿಕೊಂಡಿತು. ಮುಂದೆ ಕಾಗುಣಿತ ಬದಲಾಯಿತು, ಪದ ಮೊಟಕಾಗಿ ‘ಬಂಕ್’ ಆಯಿತು. ಸುಳ್ಳನ್ನು ಬಯಲಿಗೆಳೆಯುವ ‘ಡಿಬಂಕ್’ ಅದರದೇ ಕುಡಿ. ಅದನ್ನು 1923ರಲ್ಲಿ ಲೇಖಕ ವಿಲಿಯಂ ವುಡ್‌ವರ್ಡ್ ತಮ್ಮ ಕಾದಂಬರಿಯಲ್ಲಿ ಬಳಕೆಗೆ ತಂದರು.

ಚರ್ಚೆ ಕೊನೆಗೆ ರಾಜಿಯಲ್ಲಿ ಮುಗಿಯಿತು: ಮಿಸೌರಿ ಗುಲಾಮಗಿರಿಯೊಂದಿಗೆ, ಮೇನ್ ಅದಿಲ್ಲದೆ. ಫ್ರಾನ್ಸ್‌ನಿಂದ ಕೊಂಡಿದ್ದ ಲೂಸಿಯಾನಾ ಪ್ರದೇಶದ ಉಳಿದ ನೆಲದಲ್ಲಿ 36 ಡಿಗ್ರಿ 30 ನಿಮಿಷ ಅಕ್ಷಾಂಶದ ಉತ್ತರಕ್ಕೆ ಗುಲಾಮಗಿರಿ ನಿಷೇಧ. ಮಿಸೌರಿಯೊಂದರಲ್ಲೇ ಆಗ 10,000ಕ್ಕೂ ಹೆಚ್ಚು ಗುಲಾಮರಿದ್ದರು. ಅವರ ಬಾಳನ್ನು ಭೂಪಟದ ಮೇಲೆ ಗೆರೆ ಎಳೆದು ತೀರ್ಮಾನಿಸಿದ ಆ ಸಭೆಯ ಉಳಿದ ಮಾತುಗಳನ್ನು ಪೊಳ್ಳು ಎನ್ನಲಾಗದು, ಅವು ಕ್ರೂರ. 1854ರ ಕಾನ್ಸಾಸ್-ನೆಬ್ರಾಸ್ಕಾ ಕಾಯ್ದೆ ಆ ಗೆರೆಯನ್ನೂ ಅಳಿಸಿಹಾಕಿತು. ಗುಲಾಮಗಿರಿಯ ಪರ ಇದ್ದವರು, ವಿರೋಧಿಗಳು ಕಾದಾಡಿ ಕಾನ್ಸಾಸ್‌ನಲ್ಲಿ ರಕ್ತ ಹರಿಯತೊಡಗಿತು.